ಮಳೆಗಾಲದ ಓದಿನ ಚಾಲೆಂಜ್: ಬಹುಮಾನ ಇಡಬೇಕಾ, ಬೇಡ್ವಾ?

ತೋಟದಮನೆ (ಶಿರಸಿ)
ಎಲ್ಲರಿಗೂ ನಮಸ್ಕಾರ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಐದು ಮನೆಯವರು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಆರು ವರ್ಷದವರಿಂದ ಹದಿಮೂರರವರೆಗೆ ಎಲ್ಲ ವಯಸ್ಸಿನವರೂ ಇದ್ದಾರೆ. ಈ ಸಲ ಜೂನ್‌ನಿಂದ ಚೌತಿವರೆಗೆ ಒಂದು ಓದಿನ ಚಾಲೆಂಜ್ ಇಟ್ಟುಕೊಳ್ಳೋಣ ಅಂತ ಮಾತಾಗಿದೆ. ಮಳೆ ಹಿಡಿದರೆ ಅಂಗಳದಲ್ಲಿ ಆಟ ಇಲ್ಲ, ಕರೆಂಟು ಇರುವುದಿಲ್ಲ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಕೈಗೆ ಪುಸ್ತಕ ಕೊಡಲು ಇದಕ್ಕಿಂತ ಒಳ್ಳೆ ಕಾಲ ಯಾವುದಿದೆ?

ಬಹುಮಾನದ ಮಾತು ಬಂದ ಕೂಡಲೇ ಜಗಳ ಶುರುವಾಯಿತು. ಒಬ್ಬರು ಪುಸ್ತಕಕ್ಕೆ ಹತ್ತು ರೂಪಾಯಿ ಕೊಡೋಣ ಅಂತಾರೆ. ನಮ್ಮನೆಯವರು ದುಡ್ಡು ಬೇಡವೇ ಬೇಡ ಅಂತಾರೆ. ಇನ್ನೊಬ್ಬರಿಗೆ ಮೊದಲು ಬಂದವರಿಗೆ ಒಂದು ದೊಡ್ಡ ಬಹುಮಾನ ಇಡಬೇಕಂತೆ.

ನನ್ನ ತೊಂದರೆ ಬೇರೆ. ದೊಡ್ಡವಳಿಗೆ ಹನ್ನೊಂದು. ಮಿರ್ಚಿ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದುತ್ತಾಳೆ. ಚಿಕ್ಕವನಿಗೆ ಎಂಟು. ಅಕ್ಷರ ಎಲ್ಲ ಗೊತ್ತು, ಒತ್ತಕ್ಷರ ಬಂದ ಕೂಡಲೇ ಪುಸ್ತಕ ಮಡಚಿ "ಆಯಿ, ಹಸಿವಾತು" ಅಂತಾನೆ. ಇಬ್ಬರಿಗೂ ಒಂದೇ ನಿಯಮ ಇಡೋದು ಹೇಗೆ? ಪುಸ್ತಕ ಎಣಿಸಬೇಕಾ, ಪುಟ ಎಣಿಸಬೇಕಾ, ಗಡಿಯಾರ ನೋಡಬೇಕಾ?

ಕಾಳಿ ದಂಡೆ (ಕಾರವಾರ)
ದುಡ್ಡು ಇಟ್ಟರೆ ಮಕ್ಕಳು ತೆಳ್ಳಗಿನ ಪುಸ್ತಕ ಹುಡುಕುತ್ತಾರೆ. ಬರೆದಿಟ್ಟುಕೊಳ್ಳಿ.

ಕುಮಟಾ ಕಡಲು
ಬರೆದಿಟ್ಟುಕೊಳ್ಳುವುದೇ ಬೇಡ, ನಾನು ನೋಡಿದ್ದೇನೆ. ನನ್ನ ಅಕ್ಕನ ಮಗನಿಗೆ ಇದೇ ತರ ಪುಸ್ತಕಕ್ಕೆ ಇಷ್ಟು ಅಂತ ಇಟ್ಟಿದ್ದರು. ಅವನು ಸ್ಟೋರಿವೀವರ್ ತೆಗೆದು ಒಂದನೇ ಹಂತದ ಚಿತ್ರಪುಸ್ತಕಗಳನ್ನೇ ಸಾಲಾಗಿ ಮುಗಿಸಿದ. ಪುಟಕ್ಕೆ ಒಂದೇ ವಾಕ್ಯ. ಊಟದ ಹೊತ್ತಿಗೆ ಬಿಲ್ ತಯಾರು! ಅಕ್ಕ ಬೈದರೆ, "ನೀನು ಪುಸ್ತಕ ಅಂದಿದ್ದೆ, ದಪ್ಪ ಪುಸ್ತಕ ಅಂದಿರಲಿಲ್ಲ" ಅಂದ. ವಕೀಲ ಆಗುವ ಲಕ್ಷಣ.

ಗೊತ್ತಿಲ್ಲದವರಿಗೆ: ಸ್ಟೋರಿವೀವರ್ ಅಂದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಜಾಲತಾಣ. ಕನ್ನಡದ ಮಕ್ಕಳ ಕಥೆಗಳು ತುಂಬಾ ಇವೆ. ಪುಕ್ಕಟೆ, ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಯಬಹುದು. ಒಂದನೇ ಹಂತದ ಕಥೆ 250 ಪದದೊಳಗೆ ಮುಗಿಯುತ್ತದೆ, ನಾಲ್ಕನೇ ಹಂತದ್ದು 1500 ದಾಟುತ್ತದೆ. ಎಣಿಸುವುದಾದರೆ ಹಂತ ನೋಡಿ ಅಂಕ ಕೊಡಿ. ಒಂದನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಆರು, ಹೀಗೆ.

ಹೊನ್ನಾವರ ಮಾಸ್ತರು
ನಿವೃತ್ತ ಕನ್ನಡ ಶಾಲೆ ಮಾಸ್ತರ ನಾನು. ಶಾಲೆ ಬಿಟ್ಟವರ ವೇದಿಕೆಯಲ್ಲಿ ನನಗೆ ಜಾಗ ಇದೆಯೋ ಇಲ್ಲವೋ, ಇರಲಿ.

ಓದುವುದು ಅಂದರೆ ಅಡಕೆ ಸುಲಿದ ಹಾಗೆ ಡಬ್ಬಿ ಲೆಕ್ಕದ ಕೆಲಸವಾ? ಇಂತಿಷ್ಟಕ್ಕೆ ಇಂತಿಷ್ಟು ಅಂದರೆ ಮಗು ಕಥೆ ನೋಡುವುದಿಲ್ಲ, ಕೊನೆ ಪುಟ ನೋಡುತ್ತದೆ. ನನ್ನ ಕ್ಲಾಸಿನಲ್ಲಿ ನಾನು ಯಾವತ್ತೂ ಓದಿಗೆ ಬಹುಮಾನ ಇಟ್ಟವನಲ್ಲ. ಶನಿವಾರ ಕೊನೆ ಪಿರಿಯಡ್ ಒಂದು ಕಥೆ ಅರ್ಧಕ್ಕೆ ಓದಿ ನಿಲ್ಲಿಸುತ್ತಿದ್ದೆ. ಪುಸ್ತಕ ಮೇಜಿನ ಮೇಲೇ ಬಿಟ್ಟು ಹೋಗುತ್ತಿದ್ದೆ. ಸೋಮವಾರ ಬೆಳಿಗ್ಗೆ ನಾನು ಬರುವ ಮೊದಲು ಮೇಜಿನ ಸುತ್ತ ನಾಲ್ಕು ತಲೆ ಇರುತ್ತಿದ್ದವು.

ಯಲ್ಲಾಪುರ ಭಾವ
ಮಾಸ್ತರೇ, ಡಬ್ಬಿ ಲೆಕ್ಕ ಇರುವುದಕ್ಕೇ ಸುಲಿಯುವವರು ರಾತ್ರಿ ಹನ್ನೊಂದಾದರೂ ಎದ್ದಿರುತ್ತಾರೆ, ದಿನಗೂಲಿ ಕೊಟ್ಟು ನೋಡಿ 😄

ತಮಾಷೆ ಬಿಡಿ. ದೊಡ್ಡವರು ನಾವು ಸಂಬಳ ಇಲ್ಲದೆ ಕೆಲಸ ಮಾಡುತ್ತೇವಾ? ಮಕ್ಕಳು ಮಾತ್ರ ಸುಮ್ನೆ ಪ್ರೀತಿಯಿಂದ ಓದಬೇಕಾ? ಮೇಜಿನ ಸುತ್ತ ಬಂದ ನಾಲ್ಕು ತಲೆ ಸರಿ. ಉಳಿದ ಮೂವತ್ತು ತಲೆ ಎಲ್ಲಿದ್ದವು?

ಹೊನ್ನಾವರ ಮಾಸ್ತರು
ಕಬಡ್ಡಿ ಆಡುತ್ತಿದ್ದವು. ಅದೂ ಬೇಕಲ್ಲ.

ಅಂಕೋಲೆಯವಳು (ಈಗ ಧಾರವಾಡ)
ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಈ ಜಗಳ ಹಳೆಯದು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಒಂದು ಪ್ರಯೋಗ ಮಾಡಿದರು. ಬಣ್ಣದ ಪೆನ್ನಿನಿಂದ ಚಿತ್ರ ಬರೆಯುವುದು ಇಷ್ಟ ಇರುವ ಮಕ್ಕಳನ್ನೇ ಆರಿಸಿಕೊಂಡು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ "ಚಿತ್ರ ಬರೆದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಎರಡನೆಯದಕ್ಕೆ ಹೇಳದೇ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನ ಬಿಟ್ಟು ಅದೇ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ನೋಡಿದರು. ಮೊದಲೇ ಹೇಳಿಸಿಕೊಂಡ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೇ ಕೊಟ್ಟವರಿಗೆ ಏನೂ ಆಗಿರಲಿಲ್ಲ.

ಅಂದರೆ ಕೆಡಿಸುವುದು ಬಹುಮಾನವೇ ಅಲ್ಲ, ಮೊದಲೇ ಆಡಿದ ಕರಾರು. ತೋಟದಮನೆ ಅಕ್ಕ, ನಿಮ್ಮ ದೊಡ್ಡವಳಿಗೆ ದಯವಿಟ್ಟು ಏನೂ ಇಡಬೇಡಿ. ಅವಳು ಪೇಪರ್ ಓದುತ್ತಿದ್ದಾಳಲ್ಲ, ಓದಿಕೊಳ್ಳಲಿ.

ಯಲ್ಲಾಪುರ ಭಾವ
ಸರಿ ಮೇಡಂ, ಆದರೆ ನೀವೇ ಹೇಳಿದಿರಿ, ಮೊದಲೇ ಇಷ್ಟ ಇರುವ ಮಕ್ಕಳು ಅಂತ. ನನ್ನ ಮಗನಿಗೆ ಪುಸ್ತಕ ಕಂಡರೇ ಆಗುವುದಿಲ್ಲ. ಇಲ್ಲದ ಪ್ರೀತಿ ಕೆಡುವುದು ಹೇಗೆ?

ಅಂಕೋಲೆಯವಳು (ಈಗ ಧಾರವಾಡ)
ಅದು ಸರಿಯಾದ ಪ್ರಶ್ನೆ. ಅಲ್ಲಿ ನಿಮ್ಮ ಮಾತಿಗೂ ಆಧಾರ ಇದೆ. ರೋಲಂಡ್ ಫ್ರಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಕೆಲವು ಊರುಗಳ ಶಾಲೆಗಳಲ್ಲಿ ನಿಜವಾದ ದುಡ್ಡು ಹಂಚಿ ನೋಡಿದರು. 2011ರಲ್ಲಿ ಪ್ರಕಟವಾಯಿತು. ಡಲಾಸ್‌ನಲ್ಲಿ ಎರಡನೇ ತರಗತಿಯ ಮಕ್ಕಳಿಗೆ ಒಂದು ಪುಸ್ತಕ ಓದಿ, ಅದರ ಬಗ್ಗೆ ಪುಟ್ಟ ಪ್ರಶ್ನೆಪತ್ರಿಕೆ ಉತ್ತರಿಸಿದರೆ 2 ಡಾಲರ್. ಅಲ್ಲಿ ಇಂಗ್ಲಿಷ್‌ನಲ್ಲಿ ಪರೀಕ್ಷೆ ಬರೆದ ಮಕ್ಕಳು ಓದಿ ಅರ್ಥ ಮಾಡಿಕೊಳ್ಳುವುದು ಸುಧಾರಿಸಿತು, ಎಲ್ಲರದ್ದೂ ಅಲ್ಲ. ನ್ಯೂಯಾರ್ಕ್‌ನಲ್ಲಿ ಪರೀಕ್ಷೆಯ ಅಂಕಕ್ಕೆ ದುಡ್ಡು ಕೊಟ್ಟರು, ಅಲ್ಲಿ ಏನೂ ಆಗಲಿಲ್ಲ. ಅಂಕ ಹೇಗೆ ತೆಗೆಯಬೇಕು ಅಂತ ಮಗುವಿಗೆ ಗೊತ್ತಿರುವುದಿಲ್ಲ, ಪುಸ್ತಕ ಹೇಗೆ ಮುಗಿಸಬೇಕು ಅಂತ ಗೊತ್ತಿರುತ್ತದೆ.

ಯಲ್ಲಾಪುರ ಭಾವ
ನೋಡಿದಿರಾ ಮಾಸ್ತರೇ! 2 ಡಾಲರ್!

ಕಾಳಿ ದಂಡೆ (ಕಾರವಾರ)
ಭಾವ, ಪ್ರಶ್ನೆಪತ್ರಿಕೆ ಇತ್ತು ಅನ್ನುವುದನ್ನು ಹಾರಿಸಿಬಿಟ್ಟಿರಿ. ಐದು ಮನೆಗೆ ಪ್ರಶ್ನೆಪತ್ರಿಕೆ ಯಾರು ಮಾಡುತ್ತೀರಿ? ಮನೆಯನ್ನೇ ಶಾಲೆ ಮಾಡುವುದಾದರೆ ಶಾಲೆ ಏನು ತಪ್ಪು ಮಾಡಿತ್ತು?

ದೂರದ ನೆಂಟ
ಸುಮ್ನೆ ಓದುತ್ತಾ ಇದ್ದೆ. ಮಕ್ಕಳನ್ನು ಶಾಲೆಗೆ ಕಳಿಸದೇ ಇರುವುದು ಕಾನೂನಿಗೆ ವಿರುದ್ಧ ಅಲ್ವಾ?

ಕಾಳಿ ದಂಡೆ (ಕಾರವಾರ)
ಈ ಪ್ರಶ್ನೆ ಬರದೇ ಒಂದು ಚರ್ಚೆಯೂ ಮುಗಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಅಂತ ಅದರಲ್ಲಿ ಇದೆ. ಸೇರಿಸದ ಪಾಲಕರಿಗೆ ಇಂಥ ದಂಡ ಅಂತ ಅದರಲ್ಲಿ ಇಲ್ಲ. ಹಾಗಾಗಿ ನಾವು ನಡುವೆ ಇದ್ದೇವೆ. ಹತ್ತನೇ ತರಗತಿ ಪರೀಕ್ಷೆಯನ್ನು ರಾಷ್ಟ್ರೀಯ ಮುಕ್ತ ಶಾಲೆಯಿಂದ, ಅಂದರೆ ಎನ್‌ಐಒಎಸ್‌ನಿಂದ, ಹದಿನಾಲ್ಕು ತುಂಬಿದ ಮೇಲೆ ಕಟ್ಟಬಹುದು. ಇದಕ್ಕೆ ಬೇರೆ ಚರ್ಚೆ ತೆರೆಯಿರಿ ಮಾರಾಯ್ರೆ, ಇಲ್ಲಿ ಬೇಡ.

ಕುಮಟಾ ಕಡಲು
ಶಾಲೆಗೆ ಹೋಗದೇ ಓದಿದವರು ಅಂದರೆ ಕಾರವಾರದವರು ರವೀಂದ್ರನಾಥ ಠಾಗೋರರ ಹೆಸರು ಹೇಳಬೇಕಿತ್ತು. ಇಷ್ಟು ಹೊತ್ತು ಸುಮ್ಮನಿದ್ದಿರಲ್ಲ?

ಕಾಳಿ ದಂಡೆ (ಕಾರವಾರ)
ನೀವು ಹೇಳಲಿ ಅಂತಲೇ ಕಾದಿದ್ದೆ 🙂 ಶಾಲೆ ಅಂದರೆ ಆಗದ ಹುಡುಗ, ಜಾಸ್ತಿ ಕಲಿತದ್ದೆಲ್ಲ ಮನೆಯಲ್ಲೇ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದಿದ್ದರು, ಆಗ ಇಪ್ಪತ್ತೆರಡರ ಆಸುಪಾಸು. ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿದ್ದು, ಇಲ್ಲಿ ಕೂತು ನಾಟಕ ಬರೆದದ್ದು, ಎಲ್ಲವನ್ನೂ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ನಮ್ಮ ಬೀಚಿಗೆ ಅವರ ಹೆಸರು ಬಂದದ್ದು ಅದಕ್ಕೇ. ಪುಸ್ತಕಕ್ಕೆ ಎಷ್ಟು ರೂಪಾಯಿ ಕೊಡುತ್ತಿದ್ದರು ಅಂತ ಮಾತ್ರ ಕೇಳಬೇಡಿ.

ಹೊನ್ನಾವರ ಮಾಸ್ತರು
ಅವರ ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಒಬ್ಬರ ಹಿಂದೆ ಒಬ್ಬರು ಪಾಠ ಹೇಳಲು ಬರುತ್ತಿದ್ದರು. ಎಲ್ಲರ ಮನೆಯೂ ಹಾಗಿರುವುದಿಲ್ಲ.

ಆ ಎಂಟು ವರ್ಷದ ಹುಡುಗನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ತಂಗಿ, ಅವನು ಯಾವ ಒತ್ತಕ್ಷರಕ್ಕೆ ನಿಲ್ಲುತ್ತಾನೆ, ನೋಡಿದ್ದೀಯಾ? ಅಕ್ಕ, ಅಜ್ಜ, ಬೆಲ್ಲ ಓದುತ್ತಾನಾ?

ತೋಟದಮನೆ (ಶಿರಸಿ)
ಅದನ್ನು ಓದುತ್ತಾನೆ ಮಾಸ್ತರೇ. ನಿನ್ನೆ "ಸೂರ್ಯ" ಅನ್ನುವುದನ್ನು "ಸೂಯರ" ಅಂತ ಓದಿದ. "ಅರ್ಧ"ವನ್ನು "ಅಧರ" ಅಂದ. "ರಾಷ್ಟ್ರ" ಬಂದಾಗ ಎದ್ದೇ ಹೋದ.

ಹೊನ್ನಾವರ ಮಾಸ್ತರು
ಹಾಗಾದರೆ ಅವನು ಸೋಮಾರಿ ಅಲ್ಲ, ಕಣ್ಣಿಗೆ ಕಂಡ ಹಾಗೇ ಓದುತ್ತಿದ್ದಾನೆ! ಅರ್ಕಾವೊತ್ತು ಬರೆಯುವುದು ಅಕ್ಷರದ ನಂತರ, ಹೇಳುವುದು ಅಕ್ಷರಕ್ಕಿಂತ ಮೊದಲು. ನಮ್ಮ ಲಿಪಿಯಲ್ಲಿ ಮಕ್ಕಳು ಜಾಸ್ತಿ ಎಡವುವ ಜಾಗ ಇದು. ಯಾರಾದರೂ ಕೂತು ಹೇಳಿಕೊಡಬೇಕು, ಹತ್ತು ರೂಪಾಯಿಗೆ ಇದು ಬಗೆಹರಿಯುವುದಿಲ್ಲ.

ಒಂದು ಕೆಲಸ ಮಾಡು. ಅರ್ಕಾವೊತ್ತು ಇರುವ ಪದ ಹತ್ತಿಪ್ಪತ್ತು ಬರೆದು, ಆ ಗುರುತಿಗೆ ಮಾತ್ರ ಕೆಂಪು ಪೆನ್ಸಿಲ್ ಹಚ್ಚು. ಕೆಂಪು ಕಂಡರೆ ಮೊದಲು "ರ್" ಹೇಳಬೇಕು ಅಂತ ಆಟ. ಒಂದು ವಾರ ಸಾಕು. ಆಮೇಲೆ ಒಂದು ಸಾಲು ನೀನು ಓದು, ಒಂದು ಸಾಲು ಅವನು. ತಪ್ಪಿದರೆ ತಡೆಯಬೇಡ, ನಿನ್ನ ಸಾಲಿಗೆ ಬಂದಾಗ ಆ ಪದ ಸೇರಿಸಿ ಸರಿಯಾಗಿ ಓದು. ದಿನಕ್ಕೆ ಹತ್ತು ನಿಮಿಷ, ಹನ್ನೊಂದನೇ ನಿಮಿಷ ಬೇಡ.

ಸೋಂದಾ ರಸ್ತೆ
ಮಾಸ್ತರಿಗೆ ದೊಡ್ಡ ನಮಸ್ಕಾರ. ನಮ್ಮ ಮಗಳೂ ಇದೇ ತರ ಓದುತ್ತಾಳೆ, ನಾನು ಕಣ್ಣು ಪರೀಕ್ಷೆಗೆ ಕರೆದುಕೊಂಡು ಹೋಗುವುದರಲ್ಲಿದ್ದೆ.

ಮೇಳದ ಹುಚ್ಚ (ಹೊನ್ನಾವರ)
ಅಕ್ಕಾ, ಹುಡುಗನಿಗೆ ಯಕ್ಷಗಾನ ಇಷ್ಟವಾ? ನನ್ನ ಮಗನೂ ಓದುತ್ತಿರಲಿಲ್ಲ. ಆದರೆ ಆಟ ನೋಡಿ ನೋಡಿ ಪದ್ಯ ಎಲ್ಲ ಬಾಯಿಪಾಠ. ಪ್ರಸಂಗದ ಪುಸ್ತಕ ಕೈಗೆ ಕೊಟ್ಟು, "ಹಾಡು, ಹಾಡುವಾಗ ಆ ಅಕ್ಷರದ ಮೇಲೆ ಬೆರಳು ಇಡು" ಅಂದೆ. ಭಾಗವತರ ಹಾಗೆ ತಾಳ ಬಡಿಯುತ್ತಾ ಬೆರಳು ಓಡಿಸಿದ. ಈಗ ಗೊತ್ತಿಲ್ಲದ ಪ್ರಸಂಗವನ್ನೂ ಬಿಡಿಸಿಕೊಂಡು ಓದುತ್ತಾನೆ. ಬಹುಮಾನ ಅಂದರೆ ಒಂದೇ, ಮೇಳ ಬಂದಾಗ ರಾತ್ರಿಯಿಡೀ ಕೂರಲು ಪರವಾನಗಿ.

ಯಲ್ಲಾಪುರ ಭಾವ
ಬಾಯಿಪಾಠ ಮಾಡಿದ್ದನ್ನು ಹಾಡಿದರೆ ಅದು ಓದಾ?

ಹೊನ್ನಾವರ ಮಾಸ್ತರು
ಶುರುವಿಗೆ ಅದೇ ಓದು. ಕಿವಿಗೆ ಗೊತ್ತಿರುವ ಶಬ್ದಕ್ಕೆ ಕಣ್ಣು ಅಕ್ಷರ ಜೋಡಿಸಿಕೊಳ್ಳುತ್ತದೆ. ಆದರೆ ಹಳಗನ್ನಡದ ಛಾಯೆ ಇರುವ ಪದಗಳು ಜಾಸ್ತಿ, ಅರ್ಥ ಹೇಳಿಕೊಡಬೇಕು.

ಭಟ್ಕಳದಿಂದ
ನಮ್ಮ ಮನೆಯಲ್ಲಿ ಮಾತು ನವಾಯತಿ, ಓದು ಉರ್ದು, ಪೇಟೆಯಲ್ಲಿ ಕನ್ನಡ, ಮೇಲೆ ಇಂಗ್ಲಿಷ್. ನಿಮ್ಮ ಚಾಲೆಂಜ್‌ನಲ್ಲಿ ಯಾವ ಭಾಷೆ ಲೆಕ್ಕಕ್ಕೆ?

ಕಾಳಿ ದಂಡೆ (ಕಾರವಾರ)
ಎಲ್ಲವೂ ಲೆಕ್ಕಕ್ಕೆ ಇರಲಿ. ಕಾರವಾರದಲ್ಲಿ ಮನೆಮಾತು ಕೊಂಕಣಿ, ಎಷ್ಟೋ ಮನೆಯ ಅಜ್ಜಿಯರು ಓದುವುದು ಮರಾಠಿ. ಕನ್ನಡವೊಂದೇ ಅಂದರೆ ಅಜ್ಜಿ ಮೊಮ್ಮಗ ಒಟ್ಟಿಗೆ ಕೂರುವುದು ತಪ್ಪುತ್ತದೆ.

ಬೈತಖೋಲ್
ನನ್ನದು ಬೋಟಿನ ಕೆಲಸ. ಜೂನ್ ಒಂದರಿಂದ ಜುಲೈ ಕೊನೆವರೆಗೆ ಮೀನುಗಾರಿಕೆ ಬಂದ್, ಆ ಎರಡು ತಿಂಗಳು ಮನೆಯಲ್ಲೇ ಇರುತ್ತೇನೆ. ಕಳೆದ ಮಳೆಗಾಲ ಮಗಳು ಪುಸ್ತಕ ಓದಿ ನನಗೆ ಹೇಳುವುದು, ನಾನು ಬಲೆ ಹೆಣೆಯುತ್ತಾ ಕೇಳುವುದು. ನಾನು ನಡುವೆ "ಯಾಕೆ ಹಾಗೆ ಮಾಡಿದ?" ಅಂತ ಕೇಳಿದರೆ ಅವಳು ಮತ್ತೆ ಹೋಗಿ ಓದಿ ಬರುತ್ತಿದ್ದಳು. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅದಕ್ಕೇ ಕೇಳುತ್ತಿದ್ದೆ.

ಅಂಕೋಲೆಯವಳು (ಈಗ ಧಾರವಾಡ)
ಬೈತಖೋಲ್ ಅಣ್ಣಾ, ಡಲಾಸ್‌ನವರ ಪ್ರಶ್ನೆಪತ್ರಿಕೆಗಿಂತ ನಿಮ್ಮದು ಚೆನ್ನಾಗಿದೆ. ಪರೀಕ್ಷೆ ಮಾಡಲು ಕೇಳಿದರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಸೋಂದಾ ರಸ್ತೆ
ದಿನಾ ಎಷ್ಟು ಪುಟ ಓದಿದೆ ಅಂತ ವಹಿಯಲ್ಲಿ ಬರೆಸಿ ಅಪ್ಪ ಅಮ್ಮ ಸಹಿ ಹಾಕುವ ಪದ್ಧತಿ ಹೇಗೆ? ನಮ್ಮ ಅಕ್ಕನ ಮಕ್ಕಳ ಶಾಲೆಯಲ್ಲಿ ಇದೆ.

ಅಂಕೋಲೆಯವಳು (ಈಗ ಧಾರವಾಡ)
ಕಡ್ಡಾಯ ಮಾಡಬೇಡಿ. 2012ರಲ್ಲಿ ಎರಡನೇ, ಮೂರನೇ ತರಗತಿ ಮಕ್ಕಳ ಮೇಲೆ ಒಂದು ಅಧ್ಯಯನ ಬಂದಿತ್ತು. ಕಡ್ಡಾಯವಾಗಿ ಬರೆಯಬೇಕಾದವರ ಆಸಕ್ತಿ ಇಳಿಯಿತು, ಬೇಕಾದರೆ ಬರೆಯಿರಿ ಅಂದವರದ್ದು ಹಾಗೆ ಇಳಿಯಲಿಲ್ಲ.

ಕುಮಟಾ ಕಡಲು
ಸಹಿ ಹಾಕುವುದು ಗೊತ್ತಲ್ಲ, ಭಾನುವಾರ ರಾತ್ರಿ ಏಳು ದಿನದ್ದು ಒಟ್ಟಿಗೆ.

ಮೊದಲು ಬಂದವರಿಗೆ ಬಹುಮಾನ ಅನ್ನುವುದನ್ನೂ ಬಿಡಿ. ಹದಿಮೂರರವನ ಜೊತೆ ಆರರವಳು ಓಡಬೇಕಾ? ಇಂಗ್ಲೆಂಡಿನ ಲೈಬ್ರರಿಗಳಲ್ಲಿ 1999ರಿಂದ ಬೇಸಿಗೆ ರಜೆಯ ಓದಿನ ಚಾಲೆಂಜ್ ನಡೆಯುತ್ತಿದೆ. ನನ್ನ ತಂಗಿ ಅಲ್ಲಿದ್ದಾಳೆ. ಸಾಮಾನ್ಯವಾಗಿ ಆರು ಪುಸ್ತಕ, ಮಕ್ಕಳೇ ಆರಿಸಿಕೊಳ್ಳಬೇಕು, ನಡುನಡುವೆ ಸ್ಟಿಕರ್, ಮುಗಿಸಿದ ಎಲ್ಲರಿಗೂ ಪ್ರಮಾಣಪತ್ರ. ಒಬ್ಬರ ಮೇಲೆ ಒಬ್ಬರು ಗೆಲ್ಲುವುದು ಇಲ್ಲ.

ಯಲ್ಲಾಪುರ ಭಾವ
ಅಮೆರಿಕದಲ್ಲಿ ಪಿಜ್ಜಾ ಹಟ್‌ನವರು 1984ರಿಂದಲೇ ಓದಿದ ಮಕ್ಕಳಿಗೆ ಪುಟ್ಟ ಪಿಜ್ಜಾ ಕೊಡುತ್ತಿದ್ದಾರೆ, ಮನೆಯಲ್ಲಿ ಕಲಿಯುವ ಮಕ್ಕಳೂ ಸೇರಬಹುದು. ನಮ್ಮಲ್ಲಿ ತೊಡೆದೇವು ಇಟ್ಟರೆ ನಾನೇ ಓದಲು ಕೂರುತ್ತೇನೆ.

ತೋಟದಮನೆ (ಶಿರಸಿ)
ಭಾವಾ, ಮಳೆಗಾಲದಲ್ಲಿ ತೊಡೆದೇವು ಎರೆದು ನೋಡಿ, ಗಡಿಗೆಯಿಂದ ಎಬ್ಬಿಸಿ ಡಬ್ಬಿಗೆ ಹಾಕುವುದರೊಳಗೆ ಮೆತ್ತಗೆ. ಹಲಸಿನ ಹಪ್ಪಳ ಬೇಕಾದರೆ ಇದೆ.

ಸೋಂದಾ ರಸ್ತೆ
ಹಪ್ಪಳ ಬಿಡಿ, ಪುಸ್ತಕವೇ ಮೆತ್ತಗಾಗುತ್ತದೆ. ಆಷಾಢದಲ್ಲಿ ನಮ್ಮನೆ ಪುಸ್ತಕಕ್ಕೆಲ್ಲ ಬೂಷ್ಟು. ಏನು ಮಾಡುತ್ತೀರಿ?

ಹೊನ್ನಾವರ ಮಾಸ್ತರು
ಗೋಡೆಗೆ ತಾಗಿಸಿ ಇಡಬೇಡಿ, ಒತ್ತೊತ್ತಾಗಿ ತುರುಕಬೇಡಿ. ಕಬ್ಬಿಣದ ಟ್ರಂಕಿನಲ್ಲಿ ಅಡಿಗೆ ಒಣ ಪೇಪರ್ ಹಾಸಿ, ಬಿಸಿಲು ಬಿದ್ದ ದಿನ ತೆಗೆದು ಪುಟ ಬಿಡಿಸಿ ಗಾಳಿಗೆ ಇಡಿ. ಓದುವ ಮನೆಯ ಪುಸ್ತಕಕ್ಕೆ ಬೂಷ್ಟು ಕಡಿಮೆ, ದಿನಾ ತೆರೆಯುತ್ತಾರಲ್ಲ.

ಕಾಳಿ ದಂಡೆ (ಕಾರವಾರ)
ಪುಸ್ತಕ ಎಲ್ಲಿಂದ ತರುತ್ತೀರಿ ಅಂತ ಯಾರೂ ಹೇಳಲಿಲ್ಲ. ಗ್ರಾಮ ಪಂಚಾಯತಿ ಲೈಬ್ರರಿ, ಈಗ ಅರಿವು ಕೇಂದ್ರ ಅನ್ನುತ್ತಾರೆ, ನೋಡಿದ್ದೀರಾ? 2020ರಲ್ಲಿ "ಓದುವ ಬೆಳಕು" ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಮಗುವಿನ ಹೆಸರಿನಲ್ಲೇ ಕಾರ್ಡ್ ಮಾಡಿಸಿ, ಅಪ್ಪನ ಹೆಸರಿನಲ್ಲಿ ಬೇಡ. ತನ್ನ ಕಾರ್ಡು, ತಾನು ಆರಿಸಿದ ಪುಸ್ತಕ, ತಾರೀಕಿಗೆ ವಾಪಸ್ ಕೊಡುವ ಜವಾಬ್ದಾರಿ. ನನ್ನ ಮಗನನ್ನು ಓದಿಗೆ ಹಚ್ಚಿದ್ದು ಇದೇ.

ತೋಟದಮನೆ (ಶಿರಸಿ)
ಎಲ್ಲರಿಗೂ ಧನ್ಯವಾದ. ಐದು ಮನೆಯವರಿಗೂ ಇದನ್ನು ಓದಿ ಹೇಳಿದೆ. ಹೀಗೆ ಅಂದುಕೊಂಡಿದ್ದೇವೆ: ಒಬ್ಬೊಬ್ಬರದು ಒಂದೊಂದು ಗುರಿ, ಅವರವರೇ ಹೇಳಿದ್ದು. ಚಿಕ್ಕವನಿಗೆ ಪುಸ್ತಕದ ಲೆಕ್ಕ ಇಲ್ಲ, ದಿನಾ ನನ್ನ ಜೊತೆ ಹತ್ತು ನಿಮಿಷ, ಅಷ್ಟೇ. ದೊಡ್ಡವಳಿಗೆ ಏನೂ ಇಲ್ಲ, ಆದರೆ ಆರು ವರ್ಷದವರಿಗೆ ಕಥೆ ಓದಿ ಹೇಳುವ ಕೆಲಸ ಅವಳೇ ಕೇಳಿ ತೆಗೆದುಕೊಂಡಳು. ದುಡ್ಡು ಬೇಡ ಅಂತ ನಾಲ್ಕು ಮನೆ ಒಪ್ಪಿದವು. ಕೊನೆಗೆ ಏನಾದರೂ ಕೊಡಬೇಕು ಅನ್ನುವುದು ಮಾತ್ರ ಉಳಿದಿದೆ.

ಅಂಕೋಲೆಯವಳು (ಈಗ ಧಾರವಾಡ)
ಪುಸ್ತಕವನ್ನೇ ಕೊಡಿ. 2008ರಲ್ಲಿ ಮರಿನಾಕ್ ಮತ್ತು ಗ್ಯಾಂಬ್ರೆಲ್ ಎಂಬಿಬ್ಬರು ಮೂರನೇ ತರಗತಿ ಮಕ್ಕಳಲ್ಲಿ ಇದನ್ನೇ ನೋಡಿದ್ದರು. ಓದಿದ್ದಕ್ಕೆ ಚಿಲ್ಲರೆ ಆಟಿಕೆ ಪಡೆದವರಿಗಿಂತ ಪುಸ್ತಕ ಪಡೆದವರು ಆಮೇಲೂ ಓದಲು ಜಾಸ್ತಿ ಮನಸ್ಸು ಮಾಡಿದರು. ಮಕ್ಕಳೇ ಆರಿಸಿಕೊಳ್ಳಲಿ, ಕಾಮಿಕ್ ಆದರೂ ಆಗಲಿ.

ಯಲ್ಲಾಪುರ ಭಾವ
ಆ ಒಪ್ಪದ ಐದನೇ ಮನೆ ನಮ್ಮದೇ ಅಂತ ಎಲ್ಲರಿಗೂ ಗೊತ್ತಾಗಿರಬಹುದು. ನಾನು ಕೊಡುವವನೇ. ಹತ್ತು ರೂಪಾಯಿ, ಎರಡನೇ ಹಂತಕ್ಕಿಂತ ಮೇಲಿನ ಪುಸ್ತಕ, ಓದಿದ ಮೇಲೆ ಅಜ್ಜನಿಗೆ ಕಥೆ ಹೇಳಬೇಕು. ಅಜ್ಜ ಒಪ್ಪಿದರೆ ಮಾತ್ರ ದುಡ್ಡು. ಚೌತಿಗೆ ನೋಡೋಣ ಯಾರ ಮಕ್ಕಳು ಓದುತ್ತಾ ಇರುತ್ತಾರೆ ಅಂತ.

ಹೊನ್ನಾವರ ಮಾಸ್ತರು
ಚೌತಿಗಲ್ಲ, ದೀಪಾವಳಿಗೆ ನೋಡಬೇಕು. ದುಡ್ಡು ನಿಂತ ಮೇಲೆ.

ತಂಗಿ, ನನ್ನ ಹತ್ತಿರ ಮಕ್ಕಳ ಪುಸ್ತಕ ಒಂದು ಟ್ರಂಕ್ ಇದೆ. ಮೊಮ್ಮಕ್ಕಳು ಬೆಂಗಳೂರಲ್ಲಿ, ಇಲ್ಲಿ ಓದುವವರಿಲ್ಲ. ಶಿರಸಿ ಬಸ್ಸಿಗೆ ಹಾಕಲಾ?

ತೋಟದಮನೆ (ಶಿರಸಿ)
ಅಯ್ಯೋ ಮಾಸ್ತರೇ, ಖಂಡಿತ ಹಾಕಿ! ಬಸ್ ನಂಬರ್ ಹೇಳಿದರೆ ಸ್ಟ್ಯಾಂಡಿಗೆ ನಾವೇ ಹೋಗುತ್ತೇವೆ.

ಕುಮಟಾ ಕಡಲು
ಮಳೆ ಹಿಡಿಯುವ ಮೊದಲೇ ಕಳಿಸಿ ಮಾಸ್ತರೇ. ದೇವಿಮನೆ ಘಾಟಿ ಬಂದ್ ಆದರೆ ಬಸ್ಸು ಸುತ್ತು ಹೊಡೆಯಬೇಕು. ಟ್ರಂಕಿಗೆ ಬೀಗ ಹಾಕಬೇಡಿ, ಹಗ್ಗ ಕಟ್ಟಿ. ಕಂಡಕ್ಟರ್ ಒಳಗೇನಿದೆ ಅಂತ ತೆರೆಸಿ ನೋಡುತ್ತಾರೆ.